ಹಡಗು ಹತ್ತುವ ಮೊದಲು: ಮಗಳಿಗೊಂದು ಪತ್ರ

ಕಾರವಾರ

ಚಿ. ಸೌ. ವಿನುತಾಳಿಗೆ ಆಯಿಯ ಆಶೀರ್ವಾದ.

ಮುಂಬೈಯಿಂದ ಲಕ್ಷದ್ವೀಪದ ಕ್ರೂಸ್‌ಗೆ ಅತ್ತೆಯವರನ್ನೂ ಕರೆದುಕೊಂಡು ಹೊರಟಿದ್ದೀರಂತೆ. ಹಣ ಕಟ್ಟುವ ಮೊದಲು ಹಡಗಿನ ನಕ್ಷೆ ತರಿಸಿ ನೋಡು. ಈಜುಕೊಳ, ಆರ್ಕೆಸ್ಟ್ರಾ, ಬಫೆ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಬೇರೆಯಾಗುವುದು ಕೋಣೆ. ಖುಷಿಯೋ ಕಿರಿಕಿರಿಯೋ ಎನ್ನುವುದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ.

ದೇವಿಮನೆ ಘಟ್ಟ ಇಳಿಯುವಷ್ಟರಲ್ಲೇ ಅತ್ತೆಯವರಿಗೆ ಹೊಟ್ಟೆ ತೊಳಸುತ್ತದೆ. ಅವರಿಗೆ ಹಡಗಿನ ನಟ್ಟನಡುವೆ, ಕೆಳಗಿನ ಡೆಕ್ಕಿನ ಕೋಣೆಯೇ ಆಗಬೇಕು. ಅಲೆಗೆ ಸಿಕ್ಕ ಹಡಗು ತಕ್ಕಡಿಯ ದಂಡಿಯ ಹಾಗೆ: ತುದಿಗಳು ಏರಿಳಿಯುತ್ತವೆ, ನಡು ಅಷ್ಟಾಗಿ ಅಲುಗುವುದಿಲ್ಲ. ಮೇಲಿನ ಡೆಕ್ಕಿಗೆ ಹೋದಷ್ಟೂ ಪಕ್ಕಕ್ಕೆ ತೂಗುವುದು ಜಾಸ್ತಿ. ನೀರಿನಡಿ ಎರಡೂ ಬದಿಗೆ ಸ್ಟೆಬಿಲೈಸರ್ ರೆಕ್ಕೆಗಳಿವೆ, ಅಲುಗಾಟವೇ ಇಲ್ಲ ಎಂದು ಏಜೆಂಟರು ಹೇಳಿದರೆ ಪೂರ್ತಿ ನಂಬಬೇಡ. ಆ ರೆಕ್ಕೆ ತಗ್ಗಿಸುವುದು ಪಕ್ಕದ ತೂಗಾಟವನ್ನು, ಮೂತಿ ಎದ್ದು ಬೀಳುವುದನ್ನಲ್ಲ. ಆವೊಮಿನ್ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಹೊರಗೇ ಬರುತ್ತದೆ, ಒಂದೆರಡು ತಾಸು ಮೊದಲೇ ಕೊಡಬೇಕು. ಅದಕ್ಕೆ ನಿದ್ದೆ ಎಳೆಯುತ್ತದೆ. ಅವರ ಉಳಿದ ಮಾತ್ರೆಗಳ ಜೊತೆ ಆದೀತೋ ಎಂದು ಡಾಕ್ಟರರನ್ನು ಕೇಳು. ತಲೆ ತಿರುಗಿದರೆ ಕೋಣೆಯಲ್ಲಿ ಮಲಗಿಸಬೇಡ. ಡೆಕ್ಕಿಗೆ ಕರೆತಂದು ದೂರದ ಬಾನಂಚು ನೋಡಲು ಹೇಳು. ಖಾಲಿ ಹೊಟ್ಟೆಯೂ ಕೂಡದು.

ಕೋಣೆಯ ಮೇಲೂ ಕೆಳಗೂ ಕೋಣೆಗಳೇ ಇರಲಿ. ನೆತ್ತಿಯ ಮೇಲೆ ಡಾನ್ಸ್ ಹಾಲ್ ಇದ್ದರೆ ನಡುರಾತ್ರಿಯವರೆಗೂ ದಡಬಡ. ಬಾಲ್ಕನಿ ತೆಗೆದುಕೊಂಡರೆ, ದಕ್ಷಿಣಕ್ಕೆ ಹೋಗುವಾಗ ಸೂರ್ಯಾಸ್ತ ಬಲಬದಿಗೆ, ವಾಪಸು ಬರುವಾಗ ಎಡಕ್ಕೆ.

ಲಕ್ಷದ್ವೀಪದಲ್ಲಿ ಇಂಥ ಹಡಗು ದಡಕ್ಕೆ ತಾಗುವುದಿಲ್ಲ. ಹವಳದ ದಿಬ್ಬದ ಆಚೆ ನಿಂತು, ಜನರನ್ನು ಸಣ್ಣ ಬೋಟಿನಲ್ಲಿ ಇಳಿಸುತ್ತಾರೆ. ಹಡಗು ಒಂದು ಲಯದಲ್ಲಿ, ಬೋಟು ಇನ್ನೊಂದು ಲಯದಲ್ಲಿ ಏಳುತ್ತಿರುತ್ತದೆ. ಬೋಟು ಮೇಲೆ ಬಂದ ಗಳಿಗೆಯಲ್ಲೇ, ಸಿಬ್ಬಂದಿ ರಟ್ಟೆ ಹಿಡಿದಾಗ ಕಾಲಿಡಬೇಕು. ಮೊಣಕಾಲು ನೋವಿನವರಿಗೆ ಇದು ಕಷ್ಟವೇ. ಅಲೆ ಜೋರಾದರೆ ಕ್ಯಾಪ್ಟನ್ ಇಳಿಸುವುದನ್ನೇ ರದ್ದು ಮಾಡುತ್ತಾನೆ, ಜಗಳವಾಡಿ ಪ್ರಯೋಜನವಿಲ್ಲ. ಅಲ್ಲಿಗೆ ಭಾರತೀಯರಿಗೂ ಪರ್ಮಿಟ್ ಬೇಕು. ಅದನ್ನು ಮಾಡಿಸುವವರು ಯಾರೆಂದು ಈಗಲೇ ಕೇಳಿಟ್ಟುಕೊ.

ಚೀಟಿ ಕಟ್ಟಿ ಕೊಟ್ಟ ದೊಡ್ಡ ಬ್ಯಾಗುಗಳು ಕೋಣೆಗೆ ಬರುವುದು ತಾಸುಗಟ್ಟಲೆ ತಡ. ಔಷಧಿ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ಕೆಟಲ್ ಒಯ್ಯಬೇಡ, ಬೆಂಕಿಯ ಭಯಕ್ಕೆ ತೆಗೆದಿಡುತ್ತಾರೆ. ಮಿಡಿ ಉಪ್ಪಿನಕಾಯಿಯ ಬಾಟಲಿಗೂ ಅದೇ ಗತಿಯಾದೀತು, ನಿಯಮ ಓದಿಕೊ. ಏಳು ಗಿಡ್ಡ, ಒಂದು ಉದ್ದ ಸೀಟಿ ಕೇಳಿದರೆ ಅದು ಅಪಾಯದ ಕರೆ. ಅದರ ತಾಲೀಮು ತಪ್ಪಿಸಬೇಡಿ.

ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಡು. ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ತಾನಾಗಿಯೇ ಸೇರಿಕೊಂಡರೆ ಬಿಲ್ಲು ನೋಡಿ ಎದೆ ಒಡೆದೀತು. ಕುಡಿಯುವುದು, ವೈಫೈ, ಸರ್ವಿಸ್ ಚಾರ್ಜ್ ಎಲ್ಲ ಕೋಣೆಯ ಕಾರ್ಡಿಗೇ ಬೀಳುತ್ತದೆ. ಲೆಕ್ಕವನ್ನು ಕೊನೆಯ ದಿನಕ್ಕಿಂತ ಮೊದಲೇ ತೆಗೆಸಿ ನೋಡು, ಆ ಬೆಳಿಗ್ಗೆ ಕೌಂಟರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಬಫೆಯ ಸಾಲು, ಬೆಳಗಾಗುವ ಮೊದಲೇ ಟವೆಲ್ ಹಾಸಿ ಹಿಡಿದಿಟ್ಟ ಕುರ್ಚಿ, ಲಿಫ್ಟಿನ ಕಾಯುವಿಕೆ ಇದ್ದದ್ದೇ. ಅಲ್ಲಿಯ ಮೀನೂ ಅಷ್ಟೆ, ಬಂಗಡೆ ತಿಂದು ಬೆಳೆದವರ ನಾಲಿಗೆಗೆ ಹಿಡಿಸುವುದು ಅನುಮಾನ. ಆದರೆ ಸೂರ್ಯ ಮೂಡುವ ಹೊತ್ತಿಗೆ ಮುಂದಿನ ಡೆಕ್ಕಿಗೆ ಹೋಗಿ ಬಗ್ಗಿ ನೋಡು. ಹಡಗಿನ ಮೂತಿ ಸೀಳಿದ ನೀರಿನಿಂದ ಹಾರುಮೀನುಗಳು ಚಿಮ್ಮುತ್ತವೆ. ರೆಕ್ಕೆ ಬಿಚ್ಚಿ, ಬಾಲದ ಕೆಳತುದಿಯಿಂದ ನೀರಿನ ಮೇಲೆ ಗೀರು ಎಳೆಯುತ್ತಾ ತೇಲಿ ಹೋಗುತ್ತವೆ. ಅದಕ್ಕೆ ಟಿಕೆಟ್ ಇಲ್ಲ, ಸಾಲೂ ಇಲ್ಲ.

ಕುಮಟಾದಲ್ಲಿ ರೈಲು ಹತ್ತುವುದಾದರೆ ಮುಂಬೈಗೆ ಹಿಂದಿನ ದಿನವೇ ತಲುಪುವಂತೆ ನೋಡಿಕೊ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಚೆಕ್‌-ಇನ್ ಹೊರಡುವ ಹೊತ್ತಿಗಿಂತ ಬಹಳ ಮೊದಲೇ ಮುಚ್ಚುತ್ತದೆ.

ಇಂತಿ,
ನಿನ್ನ ಆಯಿ