ಮೆಕೆಂಜಿ ಫಲಕ ಬರೆಸಿದವರಿಗೆ ಕೇಳೋರಿಲ್ಲವೇ?

ಮಾನ್ಯ ಸಂಪಾದಕರೇ,

ಕೋಟೆ ಬಾಗಿಲ ಹೊಸ ಫಲಕದ ಬಗ್ಗೆ ಸೋಮವಾರ ನೀವು ಫೋಟೊ ಸಮೇತ ಹಾಕಿದ ಸುದ್ದಿ ಓದಿ ಮೈಯೆಲ್ಲ ಉರಿಯಿತು. ಕೆನಡಾದ ಮಹಾನದಿ ಕಂಡುಹಿಡಿದ ಇಂಗ್ಲಿಷ್ ಅಧಿಕಾರಿ ಮೆಕೆಂಜಿಯೇ ನಮ್ಮ ಸೀಮೆ ಸರ್ವೆ ಮಾಡಿದ್ದಂತೆ! ಒಂದೇ ಸಾಲಿನಲ್ಲಿ ಎಷ್ಟು ತಪ್ಪು. ನೀವೂ ಅದನ್ನು ಹಾಗೆಯೇ ಅಚ್ಚು ಹಾಕಿದ್ದೀರಿ.

ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆ ಅಳೆದವರು ಕಾಲಿನ್ ಮೆಕೆಂಜಿ. ಇಂಗ್ಲೆಂಡಿನವರಲ್ಲ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೋವೇ ಊರಿನವರು. 1783ರಲ್ಲಿ ಮದ್ರಾಸಿಗೆ ಬಂದವರು ಮತ್ತೆ ಊರಿಗೆ ಹೋಗಲೇ ಇಲ್ಲ. 1821ರಲ್ಲಿ ಬಂಗಾಳದಲ್ಲಿ ತೀರಿಕೊಂಡರು. ಕೆನಡಾದ ನದಿಗೆ ಹೆಸರು ಬಂದಿದ್ದು ಅಲೆಕ್ಸಾಂಡರ್ ಮೆಕೆಂಜಿಯಿಂದ. ಅವರೂ ಸ್ಟಾರ್ನೋವೇಯವರೇ, ಆದರೆ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದವರು. ಮಾಂಟ್ರಿಯಲ್ ಸೇರಿ ತುಪ್ಪಳದ ವ್ಯಾಪಾರಕ್ಕೆ ಇಳಿದು, 1789ರಲ್ಲಿ ಆ ನದಿಯುದ್ದಕ್ಕೂ ದೋಣಿಯಲ್ಲಿ ಸಾಗಿ ಉತ್ತರದ ಸಮುದ್ರ ಮುಟ್ಟಿದರು. ಅಲ್ಲಿನ ಮೂಲ ಜನರಿಗೆ ಆ ನದಿ ಮೊದಲಿಂದಲೂ ಗೊತ್ತಿತ್ತು, ಕಂಡುಹಿಡಿಯೋದೇನು ಬಂತು?

ಮೆಕೆಂಜಿ ಅನ್ನೋದು ಒಂದು ಕುಲದ ಹೆಸರು. ಅದರ ಮೂಲ ನೆಲೆ ಸ್ಕಾಟ್ಲೆಂಡಿನ ವಾಯವ್ಯದ ಕಿಂಟೇಲ್ ಸೀಮೆ. 1610ರಲ್ಲಿ ಲೂಯಿಸ್ ದ್ವೀಪ ಕುಲದ ಯಜಮಾನರ ಕೈಗೆ ಬಂದಾಗ ಹೆಸರೂ ಕಡಲು ದಾಟಿತು. ಇಂಥ ಕುಲಗಳಲ್ಲಿ ರಕ್ತಸಂಬಂಧ ಇಲ್ಲದ ಒಕ್ಕಲುಗಳೂ ಯಜಮಾನನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. 1873ರಲ್ಲಿ ಕೆನಡಾದ ಪ್ರಧಾನಿಯಾದವರೂ ಒಬ್ಬ ಅಲೆಕ್ಸಾಂಡರ್ ಮೆಕೆಂಜಿ, ಅವರು ಬೇರೆಯೇ. ನಮ್ಮಲ್ಲಿ ಪಾಟೀಲರೆಲ್ಲ ಒಂದೇ ಮನೆಯವರಾ?

ಇದನ್ನು ಹೇಳೋಣ ಅಂತ ಫಲಕ ಹಾಕಿಸಿದ ಕಚೇರಿಗೆ ಹೋದರೆ ಮೊದಲ ಟೇಬಲ್‌ನವರು ಎರಡನೆಯದಕ್ಕೆ ಕಳಿಸಿದರು, ಅಲ್ಲಿಯವರು ಮಹಡಿಗೆ. ಮಂಡಿನೋವಿನಲ್ಲಿ ಮೆಟ್ಟಿಲು ಹತ್ತಿದರೆ ಸಾಹೇಬರು ಮೀಟಿಂಗ್‌ನಲ್ಲಿ. ಅರ್ಜಿ ತೆಗೆದುಕೊಂಡ ಹುಡುಗ ಸೀಲು ಹಾಕಿಕೊಡಲೂ ಒಪ್ಪಲಿಲ್ಲ. ಮಳೆಯಲ್ಲಿ ಬಸ್ಸೂ ತಪ್ಪಿತು.

ಕಾಲಿನ್ ಮೆಕೆಂಜಿ ತಮ್ಮ ಜನರನ್ನು ಊರೂರಿಗೆ ಕಳಿಸಿ ಶಾಸನ ನಕಲು ಮಾಡಿಸಿದವರು, ಊರಿನ ಹಳೇ ಕಥೆ-ಚರಿತ್ರೆಯ ಕೈಫಿಯತ್ತು ಬರೆಸಿದವರು. ಅವರ ಹೆಸರಲ್ಲಿ ಫಲಕ ನಿಲ್ಲಿಸಿದ ಇದೇ ಕಚೇರಿ ಕೆರೆ ಏರಿಯ ವೀರಗಲ್ಲನ್ನು ಚರಂಡಿಗೆ ಚಪ್ಪಡಿ ಮಾಡಿ ಹಾಕಿದೆ. ಬಿಲ್ಲು ಹಿಡಿದ ವೀರನ ಮೇಲೆ ಈಗ ಲಾರಿ ಹಾಯುತ್ತದೆ. ಆಗಲೂ ಅರ್ಜಿ ಕೊಟ್ಟಿದ್ದೆವು. ಬೀದಿದೀಪಕ್ಕೂ ಕೊಟ್ಟಿದ್ದೆವು.

ಫಲಕ ಕಿತ್ತು ಹಾಕಲಿ, ಇಲ್ಲವೇ ಸರಿಯಾಗಿ ಬರೆಸಲಿ. ಆ ವೀರಗಲ್ಲನ್ನೂ ಎತ್ತಿಸಲಿ. ಏನಾದರೊಂದು ಮಾಡಲಿ. ಸಂಬಳ ಎಣಿಸುವಾಗ ಇರೋ ನಿಗಾ ನಾಲ್ಕು ಸಾಲು ಬರೆಸುವಾಗ ಇರಬಾರದಾ?

ಇಂತಿ,
ಕೋಟೆ ಬೀದಿಯ ಓದುಗ