ಕಾಗದಪತ್ರ ಇಲ್ಲ ಅಂತ ಓದು ನಿಲ್ಲಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ನಾನು ಕ್ಯಾಲಿಫೋರ್ನಿಯಾದಲ್ಲಿರೋಳು, ನಿಮ್ಮ ಪೇಪರ್ ದಿನಾ ಫೋನಲ್ಲೇ ಓದ್ತೀನಿ. ನಮಗೆ ಗೊತ್ತಿರೋ ಹುಡುಗಿ ಒಬ್ಳು, ವೀಸಾ ಮುಗಿದ್ಮೇಲೂ ಅಪ್ಪ ಅಮ್ಮ ಇಲ್ಲೇ ಉಳ್ಕೊಂಡ್ರು, ಆಗ ಇವಳಿನ್ನೂ ಚಿಕ್ಕೋಳು. ಮೊನ್ನೆ ನಮ್ಮನೇಲಿ ಕೂತು ಕಾಲೇಜಿಗೆ ಫೆಡರಲ್ ಸರ್ಕಾರದ ನೆರವು ಕೇಳೋ ಫಾಫ್ಸಾ ಫಾರ್ಮ್ ತುಂಬ್ತಾ ಸೋಶಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರ ಕೊಡೋ ನಂಬರ್, ಇವಳ ಹತ್ರ ಅದಿಲ್ಲ) ಅನ್ನೋ ಕಡೆ ಬಂದು ಕೈ ನಿಲ್ಲಿಸಿಬಿಟ್ಲು, ಮುಂದಿದ್ದ ಕಾಫಿ ಆರಿಹೋಯ್ತು, ಮಾತೇ ಆಡ್ಲಿಲ್ಲ. ನಂಗೆ ಕರುಳು ಚುರುಕ್ ಅಂತು. ಫೆಡರಲ್ ದುಡ್ಡು ಕಾಗದಪತ್ರ ಇಲ್ಲದ ಈ ಮಕ್ಕಳಿಗೆ ಸಿಗಲ್ಲ ನಿಜ, ಆದ್ರೆ ಇಲ್ಲಿ 2001ರಿಂದ ಎಬಿ 540 ಅಂತ ಕಾನೂನಿದೆ, ಮೂರು ವರ್ಷ ಇಲ್ಲೇ ಹೈಸ್ಕೂಲ್ ಓದಿ ಪಾಸಾದೋರಿಗೆ ಸರ್ಕಾರಿ ಕಾಲೇಜಲ್ಲಿ ರಾಜ್ಯದೋರ ಫೀಸೇ, ಹೊರಗಿನೋರ ದುಬಾರಿ ಫೀಸಲ್ಲ, ಜೊತೆಗೆ ಕ್ಯಾಲಿಫೋರ್ನಿಯಾ ಡ್ರೀಮ್ ಆಕ್ಟ್ ಅರ್ಜಿ ಹಾಕಿದ್ರೆ ಆದಾಯ ಮಾರ್ಕ್ಸ್ ನೋಡಿ ಕ್ಯಾಲ್ ಗ್ರಾಂಟ್ ಅನ್ನೋ ರಾಜ್ಯದ ಧನಸಹಾಯಾನೂ ಕೊಡ್ತಾರೆ, ಅದಕ್ಕೆ ಸೋಶಿಯಲ್ ನಂಬರ್ ಬೇಕಿಲ್ಲ. ಟೆಕ್ಸಾಸಲ್ಲಿ ಇಂಥದ್ದೇ ಫೀಸಿನ ಸೌಲಭ್ಯ 2025ರ ಜೂನಲ್ಲಿ ನಿಂತೋಯ್ತು, ಅಲ್ಲಿನ ಮಕ್ಕಳ ಗತಿ ನೆನೆದ್ರೆ ಸಂಕಟ ಆಗುತ್ತೆ. ನಮ್ಮೋರು ನಾಲ್ಕು ಜನ ಏನಂತಾರೋ ಅಂತ ಯಾರನ್ನೂ ಕೇಳಲ್ಲ. ಕನ್ನಡ ಸಂಘದೋರು ಯುಗಾದಿ ಊಟದ ದಿನ ಒಂದು ಮೂಲೇಲಿ ಟೇಬಲ್ ಹಾಕಿ, ಹೆಸರು ಕೇಳದೆ ಇದನ್ನೆಲ್ಲ ಹೇಳ್ಕೊಡಿ, ದಯವಿಟ್ಟು.

ಇಂತಿ,
ನಿಮ್ಮ ಓದುಗಿ, ಕ್ಯಾಲಿಫೋರ್ನಿಯಾ