ಚೀಲದ ತೂಕಕ್ಕೊಂದು ಮಿತಿ ಬೇಕು

ಮಾನ್ಯ ಸಂಪಾದಕರೇ,

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಎಂಬ ಕೇಂದ್ರದ ಕಾರ್ಮಿಕ ಕಾನೂನು 2025ರ ನವೆಂಬರ್ 21ರಂದು ಜಾರಿಗೆ ಬಂತು. ಸರ್ಕಾರ ಗೊತ್ತುಪಡಿಸಿದ ವಯಸ್ಸಿನ ಅಥವಾ ವರ್ಗದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಅದರಲ್ಲಿರುವುದನ್ನು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೀಸದ ವಿಷ, ಕಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡುತನ ಇವೆ. ಭಾರ ಹೊತ್ತು ಕೆಟ್ಟ ಸೊಂಟ, ಮಂಡಿ, ಭುಜಗಳು ಇಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ಗಟ್ಟಿಮುಟ್ಟಾದವರನ್ನು ಮೂಲೆ ಹಿಡಿಸುತ್ತಿರುವುದು ಇವೇ.

ನಾನು ಸಣ್ಣ ಬೆಳೆಗಾರ. ಎರಡು ವರ್ಷದ ಹಿಂದೆ, ರೊಬಸ್ಟಾ ಕಾಫಿ ಕೊಯ್ಲಿನ ಒಂದು ಸಂಜೆ, ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುತ್ತಿರುವ ಅಕ್ಕನೊಬ್ಬರು ಇಳಿಜಾರಿನ ತೋಟದಿಂದ ಹಣ್ಣಿನ ಚೀಲ ಹೊತ್ತು ಕಣಕ್ಕೆ ಬಂದರು. ತಲೆಗೆ ಏರಿಸಲು ಇಬ್ಬರು ಕೈ ಕೊಟ್ಟಿದ್ದರು. ಇಳಿಸಿ ಮೆಟ್ಟಿಲ ಮೇಲೆ ಕುಳಿತವರಿಗೆ ಮತ್ತೆ ಏಳಲು ಆಗಲಿಲ್ಲ. ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದನ್ನು ಸೊಂಟಕ್ಕೆ ಊರಿ, ತಲೆಯ ಸಿಂಬಿಯನ್ನೂ ತೆಗೆಯದೆ ಹಾಗೇ ಕುಳಿತಿದ್ದರು. ತಕ್ಕಡಿಯಲ್ಲಿ ಚೀಲ 58 ಕಿಲೋ ತೂಗಿತು. ವೈದ್ಯರು ಮಾತ್ರೆ ಬರೆದು, ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಕಿಲೋ ಲೆಕ್ಕದ ಕೂಲಿಯಲ್ಲಿ ವಿಶ್ರಾಂತಿ ಎಂದರೆ ಆ ದಿನದ ಕೂಲಿ ಇಲ್ಲ ಎಂದೇ ಅರ್ಥ. ಆ ಚೀಲ ನನ್ನದೇ ತೋಟದ್ದು. ಅಷ್ಟು ವರ್ಷ ನಾನು ಬೆಲೆ ನೋಡಿದೆ, ಮಳೆ ನೋಡಿದೆ, ಅವರ ಬೆನ್ನು ನೋಡಲಿಲ್ಲ.

ಅಷ್ಟು ಯಾಕೆ ಹೊರುತ್ತೀರಿ ಎಂದು ಕೇಳಿದರೆ ಉತ್ತರ ಸರಳ: ಎರಡು ಸಲ ಹತ್ತಿ ಇಳಿದರೆ ಕೊಯ್ಯುವ ಹೊತ್ತು ಹೋಗುತ್ತದೆ. ಅಂದರೆ ಎಚ್ಚರದಿಂದಿರಿ ಎಂಬ ಬುದ್ಧಿಮಾತಿನಿಂದ ಇದು ಬಗೆಹರಿಯುವುದಿಲ್ಲ, ಕೆಲಸದ ಏರ್ಪಾಡೇ ಬದಲಾಗಬೇಕು. ಈಗ ನಾವು ತಕ್ಕಡಿಯನ್ನೇ ತೋಟದೊಳಗೆ ಒಯ್ಯುತ್ತೇವೆ, ಚೀಲವನ್ನು ಅರ್ಧಕ್ಕೇ ಕಟ್ಟುತ್ತೇವೆ, ಪಿಕಪ್ ಹತ್ತಿರದ ದಾರಿಯವರೆಗೂ ಬರುತ್ತದೆ. ಖರ್ಚು ಹೆಚ್ಚಾಯಿತು, ನಿಜ. ತಡೆಯಲಾಗದಷ್ಟೇನೂ ಅಲ್ಲ.

ವಯಸ್ಕ ಪುರುಷ ಹೊರುವ ಭಾರ 55 ಕಿಲೋ ಮೀರಬಾರದು, ಹೆಂಗಸರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಯುರೋಪಿನ 1990ರ ನಿರ್ದೇಶನ ಇನ್ನೂ ಮುಂದೆ ಹೋಗಿ, ಕೈಯಿಂದ ಎತ್ತುವುದನ್ನೇ ತಪ್ಪಿಸಲು ಸಾಧ್ಯವೇ ಎಂದು ಮಾಲೀಕ ಮೊದಲು ನೋಡಬೇಕು ಎನ್ನುತ್ತದೆ. ಪಕ್ಕದ ಕೇರಳ 2018ರಲ್ಲಿ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲೇ ಕೊಟ್ಟಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಕೂಡ ಗಾಯವಾಗುವಷ್ಟು ಭಾರ ಎತ್ತಿಸಬಾರದು ಎಂದಿತ್ತು. ಆದರೆ ಅದು ಕಾರ್ಖಾನೆಗಳಿಗೆ ಹೇಳಿದ ಮಾತು, ತೋಟಕ್ಕೆ ಅಲ್ಲ.

ತೋಟದ ಕೆಲಸಕ್ಕೆ ಕಿಲೋ ಲೆಕ್ಕದಲ್ಲೇ ಭಾರದ ಮಿತಿಯನ್ನು ಹೊಸ ಸಂಹಿತೆಯ ನಿಯಮಗಳಲ್ಲಿ ಬರೆಯಬೇಕು. ವಾರ್ಷಿಕ ತಪಾಸಣೆಯಲ್ಲಿ ರಕ್ತದೊತ್ತಡ, ಸಕ್ಕರೆ ನೋಡಿ ಕಳಿಸದೆ ಬೆನ್ನು, ಮಂಡಿಗಳನ್ನೂ ಪರೀಕ್ಷಿಸಬೇಕು. ಒಂಟಿ ಬಿದಿರಿನ ಏಣಿಯ ಮೇಲೆ ದಿನವಿಡೀ ನಿಂತು ಕರಿಮೆಣಸು ಕೊಯ್ಯುವವರ ಪಾದಗಳನ್ನೂ. ಐದಾರು ಜನರನ್ನು ಇಟ್ಟುಕೊಂಡಿರುವ ನಮ್ಮಂಥ ಸಣ್ಣ ತೋಟಗಳನ್ನು ಇದರಿಂದ ಹೊರಗಿಡಬಾರದು. ಜಿಲ್ಲೆಯ ಬೆಳೆಗಾರರ ಸಂಘಗಳು ಮುಂದಿನ ಕೊಯ್ಲಿಗೆ ಮೊದಲು ಈ ಬೇಡಿಕೆಯನ್ನು ಕಾರ್ಮಿಕ ಇಲಾಖೆಯ ಮುಂದಿಡಬೇಕೆಂದು ಕೋರುತ್ತೇನೆ.

— ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು, ಕೊಡಗು